ಇಲಿಯನ್ನು ಏನು ಕೇಳಬಹುದು, ಏನು ಕೇಳಬಾರದು

ನಾನು ಪಶುವೈದ್ಯ. ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಒಂದು ಲ್ಯಾಬಿನಲ್ಲಿ ಕೆಲಸ. ಇಲ್ಲಿನ ರೈತರು ‘ವಿಬ್ರಿಯೊ’ ಎನ್ನುವ ದನದ ಕಾಯಿಲೆಯ ಮೇಲೆ ನಮ್ಮ ಅಧ್ಯಯನ. ರೋಗಾಣು ಕ್ಯಾಂಪೈಲೊಬ್ಯಾಕ್ಟರ್ ಫೀಟಸ್, ಅದರಲ್ಲೂ ವೆನೆರಿಯಾಲಿಸ್ ಎಂಬ ಉಪಜಾತಿ. ಹೋರಿ ಹಾರಿದಾಗ ಹಸುವಿಗೆ ಅಂಟುತ್ತದೆ. ಹೋರಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಹಸು ಮಾತ್ರ ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರುತ್ತದೆ, ಕೆಲವು ಕಂದು ಹಾಕುತ್ತವೆ. ದೊಡ್ಡ ಹುಲ್ಲುಗಾವಲಿನಲ್ಲಿ ಹೋರಿಗಳನ್ನು ಮಂದೆಯ ಜೊತೆಗೇ ಬಿಟ್ಟಿರುತ್ತಾರೆ. ಹಾಗಾಗಿ ಕರುಗಳು ಕಡಿಮೆಯಾದ ಮೇಲೆಯೇ ಅನುಮಾನ ಬರುವುದು ಜಾಸ್ತಿ.

ಹಸುವಿನಲ್ಲಿ ಒಂದು ಪ್ರಯೋಗಕ್ಕೆ ತಿಂಗಳುಗಟ್ಟಲೆ ಬೇಕು, ಖರ್ಚೂ ವಿಪರೀತ. ಅದಕ್ಕೇ ಹೆಣ್ಣು ಬಿಳಿ ಇಲಿಗಳು. ಹೊಸದಾಗಿ ಸೇರಿದವರು ಸಿರಿಂಜು ಹಿಡಿಯಲು ಆತುರಪಡುತ್ತಾರೆ. ನಾನು ಮೊದಲು ಮೈಕ್ರೋಸ್ಕೋಪಿನ ಮುಂದೆ ಕೂರಿಸುತ್ತೇನೆ. ಹಸುವಿಗೆ ಬೆದೆ ಸುಮಾರು 21 ದಿನಕ್ಕೊಮ್ಮೆ, ಇಲಿಗೆ 4–5 ದಿನಕ್ಕೊಮ್ಮೆ. ಯೋನಿಯನ್ನು ಒಂದು ಹನಿ ಸಲೈನಿನಿಂದ ತೊಳೆದು ಸ್ಲೈಡಿಗೆ ಹಾಕಿದರೆ ಎಲ್ಲ ತಿಳಿಯುತ್ತದೆ. ಬೆದೆಯಲ್ಲಿದ್ದರೆ ಒಣಗಿದ ಚಕ್ಕೆಯಂಥ, ನ್ಯೂಕ್ಲಿಯಸ್ ಇಲ್ಲದ ಕೋಶಗಳು ಗುಂಪುಗುಂಪಾಗಿ ಬಿದ್ದಿರುತ್ತವೆ. ಬೆದೆ ಇಳಿದಿದ್ದರೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಸಣ್ಣ ಬಿಳಿ ರಕ್ತಕಣಗಳೇ. ಅವು ಬ್ಯಾಕ್ಟೀರಿಯಾವನ್ನು ನುಂಗುವ ಕೋಶಗಳು, ಅಲ್ವಾ? ಒಂದು ಇಲಿಗೆ ಬೆದೆಯಲ್ಲಿ, ಇನ್ನೊಂದಕ್ಕೆ ಬೆದೆ ಇಳಿದ ಮೇಲೆ ರೋಗಾಣು ಹಾಕಿದರೆ ಎರಡನ್ನೂ ಹೋಲಿಸುವಂತಿಲ್ಲ. ಹಸುವಿಗೂ ಸೋಂಕು ತಗಲುವುದು ಬೆದೆಯಲ್ಲೇ ತಾನೆ. ಅದಕ್ಕೇ ಈಸ್ಟ್ರೊಜನ್ ಎಂಬ ಹಾರ್ಮೋನು ಕೊಟ್ಟು ಎಲ್ಲ ಇಲಿಗಳನ್ನೂ ಒಂದೇ ಹಂತಕ್ಕೆ ತರುವ ರೂಢಿ ಇದೆ.

ಇನ್ನೊಂದು ವಿಷಯ ಗಾಳಿ. ಈ ರೋಗಾಣುವಿಗೆ ನಾವು ಉಸಿರಾಡುವ ಗಾಳಿ ಆಗಿಬರುವುದಿಲ್ಲ. ಸುಮಾರು 5% ಆಮ್ಲಜನಕ, 10% ಇಂಗಾಲದ ಡೈಆಕ್ಸೈಡ್, ಉಳಿದದ್ದು ಸಾರಜನಕ ಇರುವ ಜಾರಿನಲ್ಲಿ, 37 ಡಿಗ್ರಿಯಲ್ಲಿ, ಕೆಲವು ದಿನ ಕಾಯಬೇಕು. ಇಲಿಯ ಗರ್ಭಕೋಶದಿಂದ ತೆಗೆದ ಮಾದರಿಯನ್ನು ಸುಮ್ನೆ ಬೆಂಚಿನ ಮೇಲೆ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ರೋಗಾಣು ಬೆಳೆಸುವ ಪ್ಲೇಟು ಖಾಲಿ ಬರಬಹುದು. ಪ್ಲೇಟಿನಲ್ಲಿ ಬೆಳೆಯಲಿಲ್ಲ ಅಂದ ಮಾತ್ರಕ್ಕೆ ಇಲಿಯಲ್ಲಿ ಇರಲಿಲ್ಲ ಅಂತ ಬರೆಯಬಾರದು. ಪ್ರಾಣಿ ಪ್ರಯೋಗದ ನೈತಿಕ ಸಮಿತಿ ಅನುಮತಿ ಕೊಟ್ಟಿರುವುದು ಲೆಕ್ಕ ಹಾಕಿದಷ್ಟು ಇಲಿಗಳಿಗೆ. ಅಜಾಗರೂಕತೆಯಿಂದ ಒಂದು ಪ್ಲೇಟು ಕೆಟ್ಟರೆ ಒಂದು ಜೀವ ವ್ಯರ್ಥವಾದಂತೆ. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು.

ಇಲಿಯಿಂದ ತಿಳಿಯುವುದು ಕಡಿಮೆಯೇನಲ್ಲ. ರೋಗಾಣು ಗರ್ಭಕೋಶಕ್ಕೆ ಏರಿತೇ, ಎಷ್ಟು ದಿನ ಉಳಿಯಿತು, ರೋಗಾಣುವಿನ ಯಾವ ತಳಿ ಹೆಚ್ಚು ಹಾನಿ ಮಾಡಿತು, ಲಸಿಕೆ ಹಾಕಿದವುಗಳಲ್ಲಿ ಬೇಗ ಹೋಯಿತೇ, ಇವೆಲ್ಲ ಕೇಳಬಹುದು. ಆದರೆ ಈ ರೋಗ ಮಂದೆಯಲ್ಲಿ ಬೇರೂರುವುದು ಹೋರಿಯಿಂದ. ಶಿಶ್ನದ ಮೇಲಿನ ಚರ್ಮದ ಮಡಿಕೆಗಳಲ್ಲಿ ರೋಗಾಣು ಅಡಗಿರುತ್ತದೆ. ವಯಸ್ಸಾದಂತೆ ಆ ಮಡಿಕೆಗಳು ಆಳವಾಗುತ್ತವೆ, ಹಾಗಾಗಿ ಹಳೆಯ ಹೋರಿಗಳೇ ಹೆಚ್ಚಾಗಿ ವರ್ಷಗಟ್ಟಲೆ ರೋಗ ಹೊತ್ತು ತಿರುಗುತ್ತವೆ. ಹೆಣ್ಣು ಇಲಿಯಲ್ಲಿ ಇದಕ್ಕೆ ಸಾಟಿಯಾದದ್ದು ಏನೂ ಇಲ್ಲ. ಇಲಿಯಲ್ಲಿ ಗೆದ್ದ ಲಸಿಕೆ ಹೋರಿಯನ್ನು ಶುದ್ಧ ಮಾಡುತ್ತದೆ ಅಂತ ಯಾರಾದರೂ ವರದಿಯಲ್ಲಿ ಬರೆದರೆ ನಾನು ಆ ಸಾಲನ್ನು ಹೊಡೆದು ಹಾಕುತ್ತೇನೆ.

ನಮ್ಮ ಕರ್ನಾಟಕದ ಕಡೆ ಸಾಕಷ್ಟು ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುತ್ತಾರೆ. ಹೆಸರಘಟ್ಟದಂಥ ವೀರ್ಯ ಕೇಂದ್ರಗಳಲ್ಲಿ ಹೋರಿಗಳನ್ನು ಈ ರೋಗಕ್ಕೂ ಪರೀಕ್ಷಿಸುವ ನಿಯಮವಿದೆ. ಅಲ್ಲಿಯೂ ಇಲ್ಲಿಯೂ ಹೋರಿಯ ಪ್ರಶ್ನೆಗೆ ಹೋರಿಯ ಮಾದರಿಯೇ ಬೇಕು. ಇಲ್ಲಿ ಅದಕ್ಕೆ ‘ಟ್ರೈಕ್ಯಾಂಪರ್’ ಎಂಬ ಸಾಧನ ಇದೆ. ಅದರಿಂದ ಚರ್ಮದ ಮಡಿಕೆಯೊಳಗೆ ಕೆರೆದು ಮಾದರಿ ತೆಗೆಯುತ್ತಾರೆ. ಇಲಿಯ ಕೆಲಸ ಕಲಿತವರನ್ನು ಆಮೇಲೆ ನಾನು ಕಳಿಸುವುದು ಹೋರಿ ನಿಲ್ಲಿಸುವ ಕಬ್ಬಿಣದ ಕಟಕಟೆಯ ಹತ್ತಿರಕ್ಕೇ.