‘ಕುಕ್ಕಿಸಿಕೊಂಡು ಸರಿಹೋಗುತ್ತೆ’ ಅನ್ನುವ ಮಾತು

“ಕುಕ್ಕಿಸ್ಕೊಂಡು ಕುಕ್ಕಿಸ್ಕೊಂಡು ತಾನೇ ಸರಿಹೋಗುತ್ತೆ ಬಿಡಕ್ಕ, ಅವುಗಳ ಜಾತೀನೇ ಹಾಗೆ.”

ಪಕ್ಕದ ಮನೆಯ ಹುಡುಗ ಈ ವಾರ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಅವನು ಹಾಗನ್ನುವಾಗ ಸಂತೆಯಿಂದ ತಂದ ಗಿರಿರಾಜ ತಳಿಯ ಹ್ಯಾಟೆ ಕೋಳಿಗೂಡಿನ ಮೂಲೆಗೆ ತಲೆ ತೂರಿಸಿ ನಿಂತಿತ್ತು. ಬಾಲದ ಬುಡದಲ್ಲಿ ಪುಕ್ಕವಿರಲಿಲ್ಲ, ಬರೀ ಚರ್ಮ, ಅದರ ಮೇಲೆ ರಕ್ತ. ಮನೆಯ ಹಳೇ ಕರಿ ಹ್ಯಾಟೆ ಬಂದು ಅಲ್ಲೇ ಕುಕ್ಕಿತು, ಹೋಗಿ ನಾಲ್ಕು ಕಾಳು ರಾಗಿ ತಿಂದಿತು, ಮತ್ತೆ ಬಂದು ಅಲ್ಲೇ ಕುಕ್ಕಿತು.

ಹುಡುಗ ಕೆಟ್ಟವನಲ್ಲ. ಹೊತ್ತು ಹೊತ್ತಿಗೆ ನೀರಿಡುತ್ತಾನೆ, ಸಂಜೆಯಾದರೆ ನಾಯಿ ಮುಂಗುಸಿಗೆ ಸಿಗದಂತೆ ಬಾಗಿಲು ಹಾಕುತ್ತಾನೆ. ಅವನ ಮಾತಿನಲ್ಲಿ ಅರ್ಧ ನಿಜವೂ ಇದೆ. ಕೋಳಿಗಳಲ್ಲಿ ಮೇಲು ಕೀಳು ಇದ್ದೇ ಇರುತ್ತದೆ. ಯಾವುದು ಯಾವುದನ್ನು ಕುಕ್ಕಬಹುದು ಅನ್ನುವ ಸಾಲನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರುಪ್-ಎಬ್ಬೆ 1922ರಲ್ಲೇ ಬರೆದಿಟ್ಟ. ಆದರೆ ಆ ಸಾಲು ಇರುವುದು ಜಗಳ ನಿಲ್ಲಿಸಲಿಕ್ಕೆ. ಸ್ಥಾನ ಗೊತ್ತಾದ ಮೇಲೆ ಮೇಲಿನದು ಕತ್ತೆತ್ತಿ ನೋಡಿದರೆ ಸಾಕು, ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ. ಜುಟ್ಟಿನ ಮೇಲೊಂದು ಏಟು, ಅಲ್ಲಿಗೆ ಮುಗಿಯಿತು. ಬಾಲದ ಬುಡಕ್ಕೆ, ಗುದದ್ವಾರಕ್ಕೆ ಬಾಯಿ ಹಾಕಿ ಪುಕ್ಕ ಕಿತ್ತು ತಿನ್ನುವುದು, ಓಡಿಹೋದರೂ ಅಟ್ಟಿಸಿಕೊಂಡು ಹೋಗುವುದು, ಮೇವು ನೀರಿನ ಹತ್ತಿರ ಸುಳಿಯಗೊಡದಿರುವುದು ಬೇರೆಯೇ ಸಂಗತಿ. ಅದು ತಾನಾಗಿ ಸರಿಹೋಗುವುದಿಲ್ಲ. ಕೋಳಿಗೆ ಕೆಂಪು ಕಂಡರೆ ಕುಕ್ಕಬೇಕು. ಒಂದು ಶುರುಮಾಡಿದರೆ ಉಳಿದವೂ ಸೇರಿಕೊಳ್ಳುತ್ತವೆ, ಸಂಜೆಯೊಳಗೆ ಕೊಂದೇ ಹಾಕಬಹುದು.

ಗಿರಿರಾಜ ಮೈತೂಕದಲ್ಲಿ ನಾಟಿಗಿಂತ ದೊಡ್ಡದು, ಹೊಡೆದು ನಿಲ್ಲುತ್ತದೆ ಅಂತ ಹುಡುಗನ ಅಪ್ಪನ ಲೆಕ್ಕ. ಬೇರೆಯವರ ಗೂಡಿಗೆ ಒಂಟಿಯಾಗಿ ಬಂದದ್ದಕ್ಕೆ ಮೈತೂಕ ಏನೂ ಸಹಾಯ ಮಾಡುವುದಿಲ್ಲ. ಅವರ ಗೂಡು ನಾಲ್ಕಡಿಗೆ ಮೂರಡಿ, ಒಳಗೆ ಆರು ಕೋಳಿ. ಅಂದರೆ ಒಂದಕ್ಕೆ ಎರಡು ಚದರಡಿ. ಗೂಡಿನೊಳಗೆ ತಲಾ ನಾಲ್ಕು ಚದರಡಿ, ಹೊರಗೆ ಬೇಲಿಯೊಳಗೆ ಎಂಟು ಹತ್ತು ಚದರಡಿ ಇರಬೇಕು. ಸೋತ ಕೋಳಿ ದೂರ ಹೋದರೆ ತಾನೆ ಗೆದ್ದದ್ದು ಸುಮ್ಮನಾಗುವುದು! ಹೋಗಲು ಜಾಗವೇ ಇಲ್ಲದಿದ್ದರೆ ಎದುರಿಗೆ ನಿಂತಿರುವುದೇ ತಪ್ಪಾಗಿ, ಏಟು ಬೀಳುತ್ತಲೇ ಇರುತ್ತದೆ. “ಅವುಗಳ ಜಾತೀನೇ ಹಾಗೆ” ಅನ್ನುವಾಗ ಈ ಎರಡು ಚದರಡಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲ ಕೆಲಸ ಗಾಯಕ್ಕೆ. ಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಒರೆಸಿ, ಜೆನ್ಶಿಯನ್ ವಯಲೆಟ್ ಅನ್ನುವ ನೀಲಿ ಮದ್ದು ಹಚ್ಚಬೇಕು. ಕೆಂಪು ಮುಚ್ಚಿ ನೀಲಿ ಕಾಣುವುದೇ ಅದರ ದೊಡ್ಡ ಉಪಕಾರ. ಬಿಸಿಲುಕಾಲದಲ್ಲಿ ನೊಣ ಕೂತು ಹುಳ ಬೀಳುತ್ತದೆ, ದಿನಾ ಪುಕ್ಕ ಬಿಡಿಸಿ ನೋಡಬೇಕು. ಗಾಯವಾದದ್ದನ್ನು ಮನೆಯೊಳಗೆ ಮಂಕರಿಯಡಿ ಬಚ್ಚಿಡಬಾರದು. ಗೂಡಿನ ಪಕ್ಕದಲ್ಲೇ ತಂತಿಜಾಲರಿಯ ಆಚೆ, ಉಳಿದವಕ್ಕೆ ಕಾಣುವಂತೆ ಇಡಬೇಕು; ಇಲ್ಲವಾದರೆ ವಾಸಿಯಾಗಿ ಬರುವ ಹೊತ್ತಿಗೆ ಮತ್ತೆ ಹೊಸಬಳಾಗಿರುತ್ತದೆ.

ಕಣ್ಣಿಗೆ ಕಾಣದಷ್ಟು ದೂರ ಕಳಿಸಬೇಕಾದ್ದು ಕುಕ್ಕುವ ಕರಿ ಹ್ಯಾಟೆಯನ್ನು, ಮೂರು ನಾಲ್ಕು ದಿನ. ಅದು ಇಲ್ಲದಾಗ ಉಳಿದವು ಸಾಲು ಬದಲಿಸಿಕೊಳ್ಳುತ್ತವೆ, ವಾಪಸು ಬಂದಾಗ ಅದೂ ತನ್ನ ಜಾಗ ಹುಡುಕಬೇಕಾಗುತ್ತದೆ. ನಾವು ಎಲ್ಲ ಕಡೆ ಏಟು ತಿಂದವರನ್ನೇ ಮೊದಲು ಎತ್ತಿ ಬೇರೆ ಕೂರಿಸುತ್ತೇವೆ. ಸ್ಕೂಲಿನಲ್ಲೂ ಅಷ್ಟೆ, ಮನೆಯಲ್ಲೂ ಅಷ್ಟೆ. ಹೊಡೆದವರ ಜಾಗ ಮಾತ್ರ ಹಾಗೇ ಇರುತ್ತದೆ.

ಮೇವೂ ನೋಡಬೇಕು. ಪುಕ್ಕ ಅಂದರೆ ಪ್ರೋಟೀನು. ಬರೀ ರಾಗಿ, ಅನ್ನ ಹಾಕಿದರೆ ಮೊಟ್ಟೆ ಇಡುವ ಹ್ಯಾಟೆಗೆ ಬೇಕಾದ ಶೇ. 16ರಷ್ಟು ಪ್ರೋಟೀನು ಸಿಗದೆ ಪಕ್ಕದ ಕೋಳಿಯ ಪುಕ್ಕಕ್ಕೆ ಬಾಯಿ ಹಾಕುತ್ತದೆ. ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಗೆಂದೇ ಮಾಡಿದ ಮೇವು, ಆಗಬಹುದು. ಆಗದಿದ್ದರೆ ಕಡಲೆಕಾಯಿ ಹಿಂಡಿ, ಗೆದ್ದಲು, ನುಗ್ಗೆಸೊಪ್ಪು ಜೊತೆಗೆ ಸೇರಲಿ. ಹಿಂಡಿಗೆ ಬೂಷ್ಟು ಹಿಡಿದಿರಬಾರದು. ಮೇವಿನ ತಟ್ಟೆ ಎರಡು ಬೇಕು, ಒಂದರಿಂದ ಇನ್ನೊಂದು ಕಾಣದ ಹಾಗೆ. ಒಂದೇ ತಟ್ಟೆಯನ್ನು ಒಂದೇ ಕೋಳಿ ಕಾಯಬಲ್ಲದು. ಕೂರುವ ಗಳಗಳು ಒಂದೇ ಎತ್ತರದಲ್ಲಿ, ತಲಾ ಒಂದು ಗೇಣು ಜಾಗ ಸಿಗುವಂತೆ ಇರಲಿ. ಸೊಪ್ಪಿನ ಕಟ್ಟನ್ನು ಕತ್ತಿನೆತ್ತರಕ್ಕೆ ನೇತುಹಾಕಿದರೆ ಕೊಕ್ಕಿಗೆ ಬೇರೆ ಕೆಲಸ.

ಹೊಸದನ್ನು ತರುವಾಗ ಒಂಟಿ ಬೇಡ, ಎರಡಾದರೂ ಇರಲಿ. ಎರಡು ಮೂರು ವಾರ ದೂರವಿಟ್ಟು ಕೊಕ್ಕರೆ ರೋಗ (ರಾಣಿಖೇತ್), ಹೇನು ಇಲ್ಲವೆಂದು ಖಾತ್ರಿಯಾಗಬೇಕು. ಆಮೇಲೆ ಜಾಲರಿಯಾಚೆ ಒಂದು ವಾರ. ಕೊನೆಗೆ ಕತ್ತಲಾದ ಮೇಲೆ ಗಳದ ಮೇಲೆ ಕೂರಿಸಿ, ಬೆಳಗಾಗುವ ಮುಂಚೆ ಅಂಗಳದಲ್ಲಿ ನಾಲ್ಕು ಕಡೆ ಕಾಳು ಚೆಲ್ಲಿ ಬಾಗಿಲು ತೆಗೆಯಬೇಕು. ಮೊದಲ ದಿನ ಒಂದಿಷ್ಟು ಕುಕ್ಕಾಟ ನಡೆಯುತ್ತದೆ. ರಕ್ತ ಕಾಣದಿದ್ದರೆ ಕೈಹಾಕುವುದು ಬೇಡ.

ಹುಡುಗನ ಅಮ್ಮ ಕರಿಯನ್ನು ಮಾರಿಬಿಡೋಣವಾ ಅಂತ ಕೇಳಿದರು. ಗೂಡು ಹಾಗೇ ಇದ್ದರೆ ಅದರ ಕೆಳಗಿನ ಕೆಂದು ಹ್ಯಾಟೆ ಅದರ ಜಾಗಕ್ಕೆ ಬರುತ್ತದೆ, ಅಷ್ಟೆ. ಮೊದಲು ಬೇಲಿ ದೊಡ್ಡದು ಮಾಡಲಿ, ಎರಡನೇ ತಟ್ಟೆ ಇಡಲಿ. ಆಮೇಲೂ ರಕ್ತ ಬರುವಂತೆ ಕುಕ್ಕಿದರೆ ಮಾರಲಿ.