ತೂತಿದ್ದರೆ ಉಲ್ಕಾಶಿಲೆಯಾ?

"ನೋಡಿ, ಈ ಕಲ್ಲಿನ ಮೈಯೆಲ್ಲಾ ತೂತು! ಇದು ಆಕಾಶದಿಂದ ಬಿದ್ದ ಉಲ್ಕಾಶಿಲೆನೇ ಅಲ್ವಾ?"

ಅಲ್ಲ. ಹೆಚ್ಚಿನ ಸಲ ಅದು ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ. ಆದರೆ ಹೀಗೆ ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಹೌದು ಅನ್ನಿಸಿಕೊಳ್ಳಬೇಕಿರುತ್ತದೆ.

ಒಬ್ಬರು ಫೋನಿನಲ್ಲಿ ವಾದಕ್ಕೇ ಇಳಿದರು. "ಅಷ್ಟು ಬಿಸಿಯಲ್ಲಿ ಬಂದ ಕಲ್ಲು ಕುದಿಯದೇ ಇರುತ್ತಾ? ಗುಳ್ಳೆ ಒಡೆದ ತೂತು ಇವು." ವಾದ ಕೆಟ್ಟದ್ದೇನಲ್ಲ. ಆದರೆ ಕಲ್ಲು ಒಳಗೆ ಬಿಸಿಯಾಗುವುದೇ ಇಲ್ಲ. ಅದು ವಾತಾವರಣಕ್ಕೆ ನುಗ್ಗುವುದು ಸೆಕೆಂಡಿಗೆ ಕನಿಷ್ಠ 11 ಕಿಲೋಮೀಟರ್ ವೇಗದಲ್ಲಿ. ಮುಂದಿನ ಗಾಳಿಗೆ ಸರಿಯಲು ಪುರಸೊತ್ತಿಲ್ಲ. ಆ ಗಾಳಿ ಒತ್ತಿಕೊಂಡು ಒತ್ತಿಕೊಂಡು ಬಿಸಿಯಾಗುತ್ತದೆ. ಬರೀ ತಿಕ್ಕಾಟದ ಬಿಸಿ ಅಂತ ಎಲ್ಲರೂ ಹೇಳುತ್ತಾರೆ, ಜಾಸ್ತಿ ಪಾಲು ಈ ಒತ್ತಡದ್ದು. ಕಲ್ಲಿನ ಮೇಲ್ಮೈ ಕರಗುತ್ತದೆ, ಕರಗಿದ್ದನ್ನು ಗಾಳಿ ಆಗಲೇ ಕಿತ್ತೊಯ್ಯುತ್ತದೆ. ಕೆಳಗಿನ ಹೊಸ ಕಲ್ಲು ಕರಗುತ್ತದೆ, ಅದೂ ಹೋಗುತ್ತದೆ. ಬಿಸಿ ಒಳಗೆ ಇಳಿಯುವ ಮೊದಲೇ ಮೇಲ್ಮೈ ಸವೆದಿರುತ್ತದೆ. ಇದೆಲ್ಲಾ ಕೆಲವೇ ಸೆಕೆಂಡುಗಳ ಆಟ. ವೇಗ ಇಳಿದು, ಆಕಾಶದಲ್ಲಿ ಕಾಣುತ್ತಿದ್ದ ಬೆಳಕು ಆರಿದಾಗ, ಕೊನೆಗೆ ಉಳಿದ ತೆಳು ದ್ರವ ಹಾಗೇ ಗಟ್ಟಿಯಾಗುತ್ತದೆ. ಉಲ್ಕಾಶಿಲೆಯ ಮೇಲೆ ನಾವು ನೋಡುವ ಕಪ್ಪು ಪದರ ಅದೇ. ಸಾಮಾನ್ಯವಾಗಿ 1 ಮಿಲಿಮೀಟರೂ ದಪ್ಪ ಇರುವುದಿಲ್ಲ. ಅಲ್ಲಿಂದ ಕೆಳಕ್ಕೆ ಅದು ಸುಮ್ನೆ ಬೀಳುವ ಕಲ್ಲು. ಕೆಂಡವೂ ಅಲ್ಲ, ಬೆಂಕಿಯೂ ಇಲ್ಲ.

ಎಲ್ಲಾ ಕೇಳಿ ಅವರು, "ಹಾಗಾದ್ರೆ ಇದರೊಳಗೆ ತೂತು ಹೇಗೆ ಬಂತು?" ಅಂದರು. ಅದು ಮೇಲಿಂದ ಬಂದೇ ಇಲ್ಲ ಸ್ವಾಮಿ!

ಉಲ್ಕಾಶಿಲೆಯಲ್ಲಿ ತಗ್ಗುಗಳಿರುತ್ತವೆ, ನಿಜ. ಹಸಿ ಜೇಡಿಮಣ್ಣಿಗೆ ಹೆಬ್ಬೆರಳು ಒತ್ತಿದ ಹಾಗೆ, ಆಳವಿಲ್ಲದವು. 1947ರಲ್ಲಿ ರಷ್ಯಾದ ಸಿಖೋಟೆ ಅಲಿನ್‌ನಲ್ಲಿ ಬಿದ್ದ ಕಬ್ಬಿಣದ ಉಲ್ಕಾಶಿಲೆಯ ತುಂಡುಗಳಲ್ಲಿ ಇವು ಚೆನ್ನಾಗಿ ಕಾಣುತ್ತವೆ. ಮೇಲಿನ ಪದರದ ಬಣ್ಣವೂ ಕಪ್ಪೇ ಆಗಬೇಕೆಂದಿಲ್ಲ. ಕಬ್ಬಿಣದ ಅಂಶ ತೀರಾ ಕಡಿಮೆ ಇರುವ ಆಬ್ರೈಟ್ ಎಂಬ ಬಗೆಯ ಉಲ್ಕಾಶಿಲೆಗಳ ಪದರ ತಿಳಿ ಬಣ್ಣದ್ದು.

"ಇದರ ಯಾವ ಮುಖ ಮುಂದಿತ್ತು?" ಅಂತ ಒಬ್ಬರಾದರೂ ಕೇಳಬಾರದಾ? ಕೆಲವು ಕಲ್ಲುಗಳು ಉರುಳದೆ ಒಂದೇ ಮುಖ ಮುಂದಿಟ್ಟು ಬರುತ್ತವೆ. ಆ ಮುಖ ಸವೆದು ಶಂಕುವಿನ ಆಕಾರಕ್ಕೆ ಬರುತ್ತದೆ. ಕರಗಿದ್ದು ತುದಿಯಿಂದ ಹಿಂದಕ್ಕೆ ಹರಿದ ಸಣ್ಣ ಗೆರೆಗಳು ಉಳಿಯುತ್ತವೆ, ಅಂಚಿನಲ್ಲಿ ತುಟಿಯಂತೆ ಮಡಚಿಕೊಳ್ಳುತ್ತವೆ. ಹಿಂಬದಿಯ ಪದರ ದಪ್ಪ, ಒರಟು. ಗುಳ್ಳೆ ಬೇಕೇ ಬೇಕಿದ್ದರೆ ಅಲ್ಲಿ ಹುಡುಕಿ, ಆ ಪದರದಲ್ಲಿ ಮಾತ್ರ. ಒಂದು ಮುಖದಲ್ಲಿ ಪದರ ತೀರಾ ತೆಳುವಾಗಿದ್ದರೆ, ಅದು ದಾರಿಯಲ್ಲಿ ತಡವಾಗಿ ಒಡೆದ ಮುಖ. ಪದರವೇ ಇಲ್ಲವೆಂದರೆ ಬೆಳಕು ಆರಿದ ಮೇಲೆ ಒಡೆದಿರಬೇಕು, ಇಲ್ಲಾ ನೆಲಕ್ಕೆ ಬಡಿದು, ಇಲ್ಲಾ ಒಳಗೆ ಚಿನ್ನ ಇದೆಯಾ ಅಂತ ಯಾರೋ ಸುತ್ತಿಗೆಯಲ್ಲಿ ಹೊಡೆದು ನೋಡಿರಬೇಕು.