ಮಷೀನು ಎದುರಿಗಿತ್ತಾ ಅಂತ ಕೇಳಿದ್ರು ಸಬಾ

ನಾನು ಮಂಗಳೂರು ಕಡೆಯವನು, ಜೆರುಸಲೇಮಲ್ಲಿ ಕೇರ್‌ಗಿವರ್ ಕೆಲಸ. ನಾನು ನೋಡ್ಕೊಳ್ತಿದ್ದ ಅಜ್ಜ ಸೋಫೆರ್ ಆಗಿದ್ದವ್ರು, ಅಂದ್ರೆ ಯಹೂದಿಗಳ ಧರ್ಮಗ್ರಂಥ ತೋರಾದ ಸುರುಳಿ, ಪ್ರಾರ್ಥನೆ ವೇಳೆ ತೋಳಿಗೂ ತಲೆಗೂ ಕಟ್ಕೊಳ್ಳೋ ತೆಫಿಲಿನ್ ಪೆಟ್ಟಿಗೆಯೊಳಗಿನ ವಚನ, ಬಾಗಿಲ ಚೌಕಟ್ಟಿಗೆ ಹಾಕೋ ವಚನದ ಸುರುಳಿ ಮೆಝುಝಾ ಇವನ್ನೆಲ್ಲ ಚರ್ಮದ ಹಾಳೆ ಮೇಲೆ ಕೈಯಲ್ಲೇ ಬರೆಯೋರು. ನಾನು ಸಬಾ ಅಂತಿದ್ದೆ, ಹೀಬ್ರೂಲಿ ಅಜ್ಜ ಅಂತ. ಕೈ ನಡುಗೋಕೆ ಶುರುವಾದ್ಮೇಲೆ ಬರೆಯೋದು ಬಿಟ್ಟಿದ್ರು, ಆದ್ರೂ ಅಕ್ಕಪಕ್ಕದವ್ರು ಮೆಝುಝಾ ಚೆಕ್ ಮಾಡ್ಸೋಕೆ ತರ್ತಾನೇ ಇದ್ರು, ಏಳು ವರ್ಷಕ್ಕೆ ಎರಡು ಸಲ ನೋಡಿಸ್ಬೇಕು ಅಂತ ಅವರಲ್ಲಿ ನಿಯಮ ಇದೆ.

ನನ್ನ ತಪ್ಪು ಹೇಳ್ತೀನಿ. ಬಿಪಿ, ಶುಗರ್ ಚಾರ್ಟನ್ನ ನಾನು ರಾತ್ರಿ ಕೂತು ಇಡೀ ದಿನದ್ದು ಒಟ್ಟಿಗೆ ತುಂಬ್ತಿದ್ದೆ, ನೆನಪಿರತ್ತೆ ಬಿಡು ಅಂತ. ಒಂದಿನ ಸಬಾ ಅವರ ಮಗಳು ಬಂದು ಮಷೀನಿನ ಮೆಮೊರಿ ನೋಡಿದ್ರೆ 168, ಚಾರ್ಟಲ್ಲಿ 148. ಅವ್ರು ಏನೂ ಹೇಳ್ದೆ ನನ್ನ ಮುಖ ನೋಡಿದ್ರು, ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಸಬಾ ಬೈಲಿಲ್ಲ. "ಬರೆಯುವಾಗ ಮಷೀನು ಎದುರಿಗಿತ್ತಾ?" ಅಂತ ಅಷ್ಟೇ ಕೇಳಿದ್ರು.

ಆಮೇಲೆ ನಿಧಾನಕ್ಕೆ ಹೇಳಿದ್ರು, ತೋರಾದಲ್ಲಿ 3,04,805 ಅಕ್ಷರ, ಬರೆಯೋಕೆ ಸುಮಾರು ಒಂದು-ಒಂದೂವರೆ ವರ್ಷ ಹಿಡಿಯತ್ತೆ, ಎಷ್ಟೇ ಬಾಯಿಪಾಠ ಇದ್ರೂ ನೆನಪಿಂದ ಬರೆಯೋ ಹಾಗಿಲ್ಲ, ಮೂಲ ಪ್ರತಿ ನೋಡಿ, ಪದವನ್ನ ಬಾಯಲ್ಲಿ ಹೇಳಿ, ಆಮೇಲೆ ಗರಿ ಊರಬೇಕು. ದೇವರ ಹೆಸರು ಬಂದಾಗ ಇದನ್ನ ಆ ಹೆಸರಿನ ಪಾವಿತ್ರ್ಯಕ್ಕಾಗಿ ಬರೀತಿದೀನಿ ಅಂತ ಹೇಳೇ ಬರೆಯೋದು, ಬರೆದ್ಮೇಲೆ ಅಳಿಸೋ ಹಾಗೇ ಇಲ್ಲ. ಶಾಯಿ ಏನ್ರಲ್ಲಿ ಮಾಡ್ತಾರೆ ಅಂತ ಕೇಳಿ ನಂಗೆ ನಮ್ಮನೆ ನೆನಪಾಯ್ತು. ಮಾಚಿಕಾಯಿ, ಅನ್ನಭೇದಿ, ಗೋಂದು. ಮಗುಗೆ ಅಮ್ಮ ತೇಯ್ದು ನೆಕ್ಕಿಸ್ತಿದ್ದ ಅದೇ ಮಾಚಿಕಾಯಿ!

ಇನ್ನೊಂದಿನ ಪಕ್ಕದ ಮನೆಯವ್ರ ಮೆಝುಝಾ ಬಂತು. 22 ಸಾಲು, 713 ಅಕ್ಷರ. ಸಬಾ ಭೂತಗನ್ನಡಿ ಹಿಡ್ಕೊಂಡು ಒಂದೇ ಒಂದು 'ವಾವ್' ಅಕ್ಷರದ ಹತ್ರ ನಿಂತ್ಬಿಟ್ರು, ಅದರ ಕಾಲು ಗಿಡ್ಡ, 'ಯೋದ್' ಅನ್ನೋ ಇನ್ನೊಂದು ಅಕ್ಷರದ ತರ ಕಾಣ್ತಿತ್ತು. ಆಗ ಮೊಮ್ಮಗನನ್ನ ಕರೆದ್ರು, ಅಕ್ಷರ ಗೊತ್ತು ಆದ್ರೆ ಅರ್ಥ ಊಹಿಸೋ ವಯಸ್ಸಲ್ಲ, ಅಂಥ ಮಗೂನೇ ಬೇಕಂತೆ. ಇದ್ಯಾವ ಅಕ್ಷರ ಅಂದ್ರೆ ಹುಡುಗ ಥಟ್ಟಂತ ಯೋದ್ ಅಂದ. ಮುಗೀತು, ಆ ಮೆಝುಝಾ ಬಾಗಿಲಿಗೆ ಆಗಲ್ಲ. ಸ್ವಲ್ಪ ಕಾಲು ಎಳೆದ್ರೆ ಸರಿಹೋಗಲ್ವಾ ಅಂದೆ. ತೋರಾ ಸುರುಳಿ ಆಗಿದ್ರೆ ತಿದ್ದಬಹುದಿತ್ತಂತೆ, ಮೆಝುಝಾ ಮತ್ತೆ ತೆಫಿಲಿನ್ ಮೊದಲಿಂದ ಕೊನೆವರೆಗೂ ಸಾಲಾಗೇ ಬರೀಬೇಕು, ಮುಂದಿನ ಅಕ್ಷರ ಬಿದ್ದ್ಮೇಲೆ ಹಿಂದಕ್ಕೆ ಹೋಗಿ ಅಕ್ಷರ ಮಾಡೋ ಹಾಗಿಲ್ಲ. ಪಕ್ಕದಲ್ಲಿ ಕೆರೆದು ಅಕ್ಷರದ ರೂಪ ತರೋದೂ ನಡೆಯಲ್ಲ, ಬರೆದೇ ಆಗ್ಬೇಕು. ನಾನು ರಾತ್ರಿ ಕೂತು ಬೆಳಿಗ್ಗೆಯ ಕಾಲಂ ತುಂಬ್ತಿದ್ದದ್ದು ಥಟ್ಟಂತ ಕಣ್ಮುಂದೆ ಬಂತು.

ಅವತ್ತಿಂದ ಚಾರ್ಟು ಮಷೀನಿನ ಪಕ್ಕದಲ್ಲೇ ಇಟ್ಟೆ, ಪೆನ್ನಿಗೆ ದಾರ ಕಟ್ಟಿ. ನಂಬರು ಜೋರಾಗಿ ಓದ್ತೀನಿ, ಬರೀತೀನಿ, ಟೈಮ್ ಹಾಕ್ತೀನಿ. ತಪ್ಪಾದ್ರೆ ವೈಟ್ನರ್ ಇಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ. ಸಬಾ ಹಾಸಿಗೆಯಿಂದಾನೇ ನಾನು ಓದಿದ ನಂಬರನ್ನ ತಿರುಗಿ ಹೇಳ್ತಿದ್ರು, ಹೀಬ್ರೂಲಿ. ಹೀಬ್ರೂ ಅಂಕಿ ನಾನು ಕಲ್ತಿದ್ದು ಹಾಗೇ.